ಸೇದುವವರಿಗೆ ಮಾತ್ರ

ಎರಡು ವರ್ಷದಿಂದ ಸುಲೋಚನಳ ಉಬ್ಬಸ ಯಾವ ಇನ್‌ಹೇಲರಿಗೂ ಬಗ್ಗಿರಲಿಲ್ಲ. ಕೊನೆಗೆ ಗಂಡ ವಾಮದೇವಪ್ಪ ಅವಳನ್ನು ದೊಡ್ಡಾಸ್ಪತ್ರೆಗೆ ಕರೆತಂದಿದ್ದ.

"ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ ಉಬ್ಬಸಕ್ಕೂ ಕೆಲಸ ಮಾಡುತ್ತಾ ಅಂತ ಒಂದು ಪ್ರಯೋಗ ನಡೀತಿದೆ," ಎಂದರು ಡಾಕ್ಟರು. "ಆದ್ರೆ ಅದು ಸಿಗರೇಟು ಸೇದೋ ರೋಗಿಗಳಿಗೆ ಮಾತ್ರ. ಇವರನ್ನ ಸೇರಿಸಿಕೊಳ್ಳೋಕೆ ಬರಲ್ಲ."

ವಾಮದೇವಪ್ಪ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕುಳಿತ. ಸಿಗರೇಟು ಬಿಟ್ಟೆನೆಂದು ಮದುವೆಯಾದ ವರ್ಷವೇ ಹೆಂಡತಿಗೆ ಆಣೆ ಮಾಡಿ ಹೇಳಿದ್ದ. ಈಗಲೂ ಮಹಡಿಯ ಮೇಲೆ ಕದ್ದು ಸೇದುತ್ತಿದ್ದ. ಅವಳ ಎದೆ ಕಟ್ಟಿದ್ದು ತನ್ನಿಂದಲೇ ಎಂಬ ಕೊರಗು ಅವನನ್ನು ದಿನವೂ ತಿನ್ನುತ್ತಿತ್ತು. ಪಕ್ಕದಲ್ಲಿ ಸುಲೋಚನ ಏದುಸಿರು ಬಿಡುತ್ತಾ ಕುಳಿತಿದ್ದಳು.

"ಸೇದೋನು ನಾನು ಡಾಕ್ಟ್ರೇ," ಎಂದುಬಿಟ್ಟ. "ನನ್ನ ಹೊಗೆ ಕುಡಿದೇ ಇವಳು ಹಿಂಗಾಗಿದ್ದು. ಅದು ಸಾಕಾಗಲ್ವಾ?"

"ಇಲ್ಲ. ರೋಗಿಯೇ ಸೇದ್ತಿರಬೇಕು."

ಹೆಂಡತಿಯ ಮುಖ ನೋಡುವ ಧೈರ್ಯವಾಗದೆ ಅವನು ತಲೆ ತಗ್ಗಿಸಿಕೊಂಡೇ ಎದ್ದ. "ನಡಿ, ಹೋಗೋಣ."

ಸುಲೋಚನ ಏಳಲಿಲ್ಲ. ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡು ಡಾಕ್ಟರಿಗೆ ಮೆಲ್ಲನೆ ಹೇಳಿದಳು:

"ಬರ್ಕೊಳ್ಳಿ ಸಾರ್. ದಿನಕ್ಕೆ ಮೂರು, ಇವರು ಬಚ್ಚಿಡೋ ಪ್ಯಾಕಿಂದ್ಲೇ."