ಒಂಬತ್ತರ ಜೋಡಿ

ಪೋಕರ್ ಇಸ್ಪೀಟಾಟದ ಕೊನೆಯ ಎಲೆ ಬಿದ್ದಾಗ ಮೊದಲ ಸರದಿ ಮಾರ್ವಾಳದು. ಅವಳು ಏನೂ ಹೂಡದೆ ಮೇಜು ತಟ್ಟಿದಳು. ಎದುರು ಕುಳಿತಿದ್ದ ಗಂಡ ಡೆಲ್ಮರ್ ನೂರು ಡಾಲರಿನ ಬಿಲ್ಲೆಗಳನ್ನು ಮುಂದೆ ತಳ್ಳಿದ. ಅವನ ಬಲಗೈ ನಡುಗುತ್ತಿತ್ತು.

"ಎಲೆ ಎಸೆದುಬಿಡು ಮಾರ್ವಾ," ಪಕ್ಕದ ಹಾರ್ಲನ್ ನಕ್ಕ. "ಒಳ್ಳೇ ಎಲೆ ಬಂದ್ರೆ ಮಾತ್ರ ಇವನ ಕೈ ನಡುಗೋದು ಅಂತ ಇಡೀ ಎಲ್ಕೋ ಊರಿಗೇ ಗೊತ್ತು. ನಲವತ್ತು ವರ್ಷ ಸಂಸಾರ ಮಾಡಿದೋಳಿಗೆ ನಾನು ಹೇಳ್ಬೇಕಾ?"

ಅವಳ ಬಳಿ ಇದ್ದದ್ದು ಬರೀ ಒಂಬತ್ತರ ಜೋಡಿ. ಎಸೆದು ಈ ಆಟ ಬಿಟ್ಟುಕೊಡುವುದೇ ಸರಿ. ಆದರೆ ಎಸೆದರೆ ಅವನ ಎಲೆಗಳನ್ನು ನೋಡುವ ಹಾಗಿಲ್ಲ. ಇವತ್ತು ಬೆಳಗ್ಗೆ ಕಾಫಿ ಲೋಟ ಹಿಡಿದಾಗಲೂ ಆ ಕೈ ಹೀಗೇ ನಡುಗಿತ್ತು. "ಚಳಿ ಕಣೇ," ಅಂದಿದ್ದ. ಅವನ ಅಪ್ಪನ ಕಾಯಿಲೆಯೂ ಹೀಗೇ ಶುರುವಾಗಿತ್ತು.

ದೇವರೇ, ಅವನ ಬಳಿ ಎಕ್ಕಗಳೇ ಇರಲಿ, ನಾನು ಸೋಲಲಿ ಎಂದುಕೊಳ್ಳುತ್ತಾ ಅವಳು ನೂರು ಡಾಲರ್ ಹಾಕಿದಳು. "ತೋರ್ಸು, ಡೆಲ್."

ಡೆಲ್ಮರ್ ಪೆಚ್ಚಾಗಿ ನಕ್ಕು ಎಲೆ ಮಗುಚಿದ. ಒಂದು ಜೋಡಿಯೂ ಇರಲಿಲ್ಲ. "ಸಿಕ್ಕಿಬಿದ್ದೆ ಕಣೇ."

ಬಿಲ್ಲೆಗಳ ರಾಶಿ ಮಾರ್ವಾಳ ಮುಂದೆ ಬಂತು. ಅವಳು ಅದನ್ನು ಮುಟ್ಟಲಿಲ್ಲ. ಮೇಜಿನ ಮೇಲೆ ಅವನ ಬಲಗೈ ಇನ್ನೂ ನಡುಗುತ್ತಿತ್ತು.