ಒಂದೇ ದಿನ

ಸಿಂಚನಾ ಹುಟ್ಟಿದ ದಿನವೇ ಅವಳ ಅಪ್ಪ ಲಾರಿಗೆ ಸಿಕ್ಕಿ ತೀರಿಕೊಂಡಿದ್ದರು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಆದ ಅಪಘಾತ ಎಂದಷ್ಟೇ ಅಮ್ಮ ಹೇಳಿದ್ದಳು. ಅಜ್ಜಿ ಮಾತ್ರ ಸಾಯುವವರೆಗೂ ಮೊಮ್ಮಗಳನ್ನು 'ಅಪ್ಪನನ್ನು ನುಂಗಿಕೊಂಡು ಹುಟ್ಟಿದವಳು' ಎಂದೇ ಕರೆದಳು. ಹುಟ್ಟುಹಬ್ಬಕ್ಕೆ ಸಿಂಚನಾ ಹೊಸ ಬಟ್ಟೆ ಹಾಕಿದವಳೇ ಅಲ್ಲ.

ಬಿ.ಎ. ಮನಃಶಾಸ್ತ್ರದ ಸಂಖ್ಯಾಶಾಸ್ತ್ರ ತರಗತಿಯಲ್ಲಿ ಒಂದು ದಿನ ಮೇಡಂ ಕೇಳಿದರು: "ಬೇಸಿಗೇಲಿ ಎಳನೀರು ಜಾಸ್ತಿ ಮಾರಾಟ ಆಗುತ್ತೆ. ಮೂಗಲ್ಲಿ ರಕ್ತ ಬರೋದೂ ಜಾಸ್ತಿ. ಎಳನೀರಿಂದ ರಕ್ತ ಬಂತು ಅಂತೀರಾ?"

ಎಲ್ಲರೂ ನಕ್ಕರು.

"ಎರಡು ಸಂಗತಿ ಒಟ್ಟಿಗೆ ಆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗಲ್ಲ."

ಸಿಂಚನಾ ಕಣ್ಣೊರೆಸಿಕೊಂಡಳು. ಆ ಮಾತನ್ನು ಬಾಯೊಳಗೇ ಹೇಳಿಕೊಳ್ಳುತ್ತಾ ಬಸ್ಸು ಹಿಡಿದು ಮನೆಗೆ ಬಂದಳು.

ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಸಿಂಚನಾ ಪಕ್ಕದಲ್ಲಿ ಕುಳಿತು, ಎಳನೀರಿನಿಂದ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದಳು.

"ನಾನು ಹುಟ್ಟಿದ್ದು, ಅಪ್ಪ ಹೋಗಿದ್ದು ಒಂದೇ ದಿನ, ಅಷ್ಟೇ ಅಮ್ಮ. ಅಪ್ಪ ಹೋಗಿದ್ದು ನನ್ನಿಂದ ಅಲ್ಲ."

"ನಿನ್ನಿಂದ ಅಂತ ನಾನು ಯಾವತ್ತಾದ್ರೂ ಅಂದಿದ್ದೀನಾ ಮಗಳೇ?"

"ಇಲ್ಲ. ಆದ್ರೆ ಅಜ್ಜಿ ಹಾಗಂದಾಗೆಲ್ಲ ನೀನು ಸುಮ್ನೆ ಇರ್ತಿದ್ದೆ."

ಅಮ್ಮನ ಕೈ ನಿಂತಿತು. ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಅವತ್ತು ನಿಮ್ಮಪ್ಪ ಕೆಲಸಕ್ಕೆ ಹೋಗ್ತಿರ್ಲಿಲ್ಲ. ನೀನು ಹುಟ್ಟಿದ ಕೂಡ್ಲೇ ನಾನೇ ಆಸ್ಪತ್ರೆಯಿಂದ ಫೋನ್ ಮಾಡಿಸಿ, ಮಗಳ ಮುಖ ನೋಡೋಕೆ ಬೇಗ ಬನ್ನಿ ಅಂದಿದ್ದೆ," ಎಂದಳು. "ಅದೂ ಕಾರಣ ಅಲ್ವಾ ಅಂತ ನಿಮ್ಮ ಮೇಡಂನ ಕೇಳ್ಕೊಂಡು ಬರ್ತೀಯಾ?"