ಬೀಡಿ ಬಿಡಿಸಿದ ಭಾವ

"ಇವನಿಗೆ ಹುಚ್ಚು ಮತ್ತೆ ಕೆದರಿದೆ ಮೇಡಂ. ಮಗ್ಗ ಮಾರ್ಬಿಡೋದೇ ಸರಿ. ಗಿರಾಕಿನೂ ನೋಡಿದೀನಿ," ಎಂದು ಆದಿನಾರಾಯಣಪ್ಪ ಡಾಕ್ಟರಮ್ಮನ ಎದುರಿನ ಕುರ್ಚಿಯಲ್ಲಿ ಕೂರುವ ಮೊದಲೇ ತೀರ್ಪು ಕೊಟ್ಟ. ಪಕ್ಕದಲ್ಲಿ ತಮ್ಮ ರಾಮಲಿಂಗಯ್ಯ ಜೊಲ್ಲು ಸುರಿಸಿಕೊಂಡು ತೂಕಡಿಸುತ್ತಿದ್ದ. ಅವನ ಹೆಂಡತಿ ಮುನಿರತ್ನಮ್ಮ ಸೆರಗಿನಿಂದ ಒರೆಸುತ್ತಿದ್ದಳು.

ಸ್ಕಿಜೋಫ್ರೇನಿಯಾ ಇದ್ದರೂ ಮಾತ್ರೆ ನುಂಗಿಕೊಂಡು ವರ್ಷಗಟ್ಟಲೆ ದೊಡ್ಡಬಳ್ಳಾಪುರದಲ್ಲಿ ಸೀರೆ ನೇಯ್ದವನು ರಾಮಲಿಂಗಯ್ಯ. ಅನ್ನ, ಮರ್ಯಾದೆ ಎರಡೂ ಆ ಮಗ್ಗದಿಂದಲೇ. ಈಗ ಓಡುವ ಮಗ್ಗದ ಮುಂದೆಯೇ ನಿದ್ದೆ. ಮೊನ್ನೆ ಸ್ವಲ್ಪದರಲ್ಲಿ ಕೈ ಉಳಿದಿತ್ತು.

"ಈಚೆಗೆ ಏನಾದ್ರೂ ಬದಲಾಯ್ತಾ?" ಡಾಕ್ಟರಮ್ಮ ಕೇಳಿದರು.

"ಏನೂ ಇಲ್ಲ," ಎಂದ ಆದಿನಾರಾಯಣಪ್ಪ. ಸರ್ವಜ್ಞಾನಿ ಹೇಳಿದ ಮೇಲೆ ಮುಗಿಯಿತಲ್ಲ!

"ಬೀಡಿ," ಎಂದ ರಾಮಲಿಂಗಯ್ಯ, ಕಣ್ಣು ಬಿಡದೆ.

"ಸುಮ್ನಿರಲೇ! ನಿನ್ನ ಯಾರು ಕೇಳಿದ್ರು?"

"ನಾನು ಕೇಳ್ದೆ," ಎಂದರು ಡಾಕ್ಟರಮ್ಮ.

ಮುನಿರತ್ನಮ್ಮನಿಗೆ ಬಾಯಿ ಬಂತು. "ದಿನಾ ಕಟ್ಟುಗಟ್ಟಲೆ ಸೇದೋರು ಮೇಡಂ. ಹೋದ ತಿಂಗಳು ಭಾವನೋರು ದೇವರ ಮುಂದೆ ಆಣೆ ಮಾಡ್ಸಿ ಬಿಡಿಸಿದ್ರು. ಹಾರ ಹಾಕಿ, ಪಕ್ಕದಲ್ಲಿ ತಾವೂ ನಿಂತ್ಕೊಂಡು ಫೋಟೋ ತೆಗ್ಸಿ, ಊರಿಗೆಲ್ಲ ವಾಟ್ಸಾಪ್ ಮಾಡಿದ್ರು. ಜೊಲ್ಲು ಒರೆಸೋಳು ಮಾತ್ರ ನಾನು."

"ಹುಚ್ಚಲ್ಲ ಇದು, ಮಾತ್ರೆ ಜಾಸ್ತಿಯಾಗಿರೋದು," ಎಂದರು ಡಾಕ್ಟರಮ್ಮ. "ಈ ಮಾತ್ರೇನ ಅರಗಿಸೋದು ಲಿವರಿನಲ್ಲಿರೋ ಒಂದು ಕಿಣ್ವ, ಎಂಜೈಮು. ಬೀಡಿ ಹೊಗೆ ಬಿದ್ರೆ ಅದು ಬಲು ಚುರುಕು. ಅದಕ್ಕೇ ಇವರಿಗೆ ಡೋಸು ಜಾಸ್ತಿ ಇಟ್ಟಿದ್ವಿ. ಹೊಗೆ ನಿಂತ್ರೆ ಅದೂ ನಿಧಾನ. ಅದೇ ಮಾತ್ರೆ ಮೈಯಲ್ಲಿ ತುಂಬ್ಕೊಳ್ಳುತ್ತೆ. ಬೀಡಿ ಬಿಟ್ಟಿದ್ದು ಒಳ್ಳೇದೇ. ನಮಗೆ ಹೇಳ್ದೆ ಬಿಡಿಸಿದ್ದು ತಪ್ಪು. ರಕ್ತ ಪರೀಕ್ಷೆ ಮಾಡಿಸಿ, ಡೋಸು ಇಳಿಸ್ತೀನಿ. ಮಂಪರು ಹೋದ್ಮೇಲೆ ಮಗ್ಗಕ್ಕೆ ಕೂರಲಿ."

ಆದಿನಾರಾಯಣಪ್ಪ ತಲೆ ತಗ್ಗಿಸಿ ಜೇಬಿನಲ್ಲಿ ಫೋನು ತಡಕಿದ. ನಾಚಿಕೆಯಾಗಿರಬೇಕು ಎಂದುಕೊಂಡಳು ಮುನಿರತ್ನಮ್ಮ. ಪಾಪ, ಅವಳಿಗೂ ಅಷ್ಟು ಭ್ರಮೆ.

ಹೊರಗೆ ಬಂದಿದ್ದೇ ತಡ, ಅವನು ಗಿರಾಕಿಗೆ ಫೋನು ಹಚ್ಚಿದ. "ಮಗ್ಗ ಕೊಡಲ್ಲ ಕಣಪ್ಪಾ. ನಮ್ಮ ಹುಡುಗ ಹುಷಾರಾಗ್ತಾನೆ. ಅದೇನೋ ಎಂಜೈಮಂತೆ. ಡಾಕ್ಟರಿಗೇ ಹೊಳ್ದಿರ್ಲಿಲ್ಲ ಗುರು! ಬೀಡಿ ವಿಷ್ಯ ನಾನೇ ಹೇಳ್ದೆ."

ರಾಮಲಿಂಗಯ್ಯ ಪ್ರಯಾಸದಿಂದ ಕಣ್ಣು ತೆರೆದು ಅಣ್ಣನನ್ನೇ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ರತ್ನಾ, ಇನ್ನೊಂದ್ಸಲ ಒಳಗೋಗು. ಅಣ್ಣಂಗೆ ಯಾವ ಮಾತ್ರೆ ಅಂತ ಕೇಳ್ಕೊಂಡ್ಬಾ."